ತೌಡಿಗೆ ಕೊಟ್ಟ ಕೂಸು

“ಅವ್ವಾ” ಎಂದು ಹಿಂದಿನಿಂದ ಯಾರೋ ಕರೆದರು. ಕೆಂಪಾಜಮ್ಮ ತಟ್ಟನೆ ನಿಂತು ತಿರುಗಿದಳು. ಸೌತೆಕಾಯಿ ಮಂಕರಿ ಹೊತ್ತ ಮುದುಕಿ. “ಎಳೇವು ಕಣವ್ವ, ಮಕ್ಳಿಗೆ ತಕ್ಕೊ” ಎಂದಳು. ಬೇಡವೆಂದು ತಲೆಯಾಡಿಸಿ ಮುಂದೆ ನಡೆದರೂ ಎದೆ ತಹಬಂದಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಮೈಸೂರಿನಲ್ಲಿ ರೈಲು ಇಳಿದಾಗಿನಿಂದ ಹೀಗೇ ಆಗುತ್ತಿತ್ತು. ಟಿಕೆಟು ಇಸಿದುಕೊಂಡವನು “ಬಿರ್ರನೆ ನಡಿಯವ್ವ” ಎಂದಿದ್ದ. ಜಟಕಾದವನು “ಎಲ್ಲಿಗವ್ವ?” ಎಂದು ಅಡ್ಡ ಬಂದಿದ್ದ. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತ ಹೆಂಗಸು, ವಯಸ್ಸಿನಲ್ಲಿ ಇವಳಿಗಿಂತ ದೊಡ್ಡವಳು, “ಮೊದ್ಲು ಮಕ್ಕಳಿಗೆ ಕುಡಿಸವ್ವ” ಎಂದು ಜಾಗ ಬಿಟ್ಟಿದ್ದಳು. ಊರಲ್ಲಿ ಅವಳು ಕೆಂಪಾಜಿ, ಇಲ್ಲವೆ ಚೆಲುವಯ್ಯನ ಹೆಂಡತಿ. ಇಲ್ಲಿ ಗುರುತು ಪರಿಚಯವಿಲ್ಲದವರಿಗೆಲ್ಲ ಅವಳು ಅವ್ವ. ಸೊಂಟದ ಮೇಲಿದ್ದ ಬೀರಿ, ಮೂರು ತುಂಬದ ಹುಡುಗಿ, ಅವಳ ಕತ್ತಿನ ಕರಿಮಣಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸುಮ್ಮಸುಮ್ಮನೆ “ಅವ್ವ, ಅವ್ವ” ಎಂದು ರಾಗ ಎಳೆಯುತ್ತಿದ್ದಳು. ಹಾಗೆ ಕರೆಯದೆ ಇದ್ದವನು ಒಬ್ಬನೇ, ಹಿಂದೆ ಬರುತ್ತಿದ್ದ ಹುಡುಗ.

ಅವನು ಬರುತ್ತಿದ್ದ. ತಿರುಗಿ ನೋಡದೆಯೇ ಅವಳಿಗೆ ಅದು ಗೊತ್ತು. ರೈಲು ಇಳಿದ ಕೂಡಲೆ ಎಲ್ಲಿಂದಲೋ ಒಂದು ಕೋಲು ಸಂಪಾದಿಸಿ, ಬಂಗಲೆಗಳ ಕಬ್ಬಿಣದ ಕಟಕಟೆಗೆ ಅದನ್ನು ಹಚ್ಚಿ ಕರಕರಕರ ಎಳೆದುಕೊಂಡು ಬರುತ್ತಿದ್ದ. ಆ ಸದ್ದು ಇರುವವರೆಗೆ ಅವನಿದ್ದ. ಸದ್ದು ನಿಂತರೆ ಅವಳು ಬೀರಿಯನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸುವ ನೆಪದಲ್ಲಿ ನಿಧಾನಿಸುತ್ತಿದ್ದಳು. ಮತ್ತೆ ಕರಕರ ಶುರುವಾದರೆ ಮುಂದಕ್ಕೆ ಹೆಜ್ಜೆ. ಅವನನ್ನು ಕಣ್ಣಿನಿಂದ ಕಾಯುವುದನ್ನು ಬಿಟ್ಟು ಕಿವಿಯಿಂದ ಕಾಯುವುದನ್ನು ಅವಳು ಬಹಳ ಹಿಂದೆಯೇ ಕಲಿತಿದ್ದಳು. ಮನೆಯಲ್ಲೂ ಹಾಗೇ. ರಾಗಿ ಬೀಸುತ್ತ ಕೂತಿದ್ದರೆ, ಎದುರು ಮನೆಯ ಜಗಲಿಯಲ್ಲಿ ಅವನು ನಕ್ಕರೆ ಬೀಸುಕಲ್ಲು ಒಂದು ಗಳಿಗೆ ನಿಲ್ಲುತ್ತಿತ್ತು. ಕೆಮ್ಮಿದರೆ ಎರಡು ಗಳಿಗೆ. ತಲೆ ಮಾತ್ರ ಎತ್ತುತ್ತಿರಲಿಲ್ಲ.

ಅವನಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ದಕ್ಕಲಿಲ್ಲ. ಮೊದಲಿನದು ಹಾಲು ಕಕ್ಕಿಕೊಂಡು ಹೋಯಿತು. ಎರಡನೆಯದು ಯಾವ ಕಾರಣವನ್ನೂ ತೋರಿಸದೆ ನಿದ್ದೆಯಲ್ಲೇ ಹೋಯಿತು. ಇವನು ಹುಟ್ಟಿದಾಗ ಅತ್ತೆ ಚಿಕ್ಕಬಸಮ್ಮ ಬಾಣಂತಿಯನ್ನು ಕೇಳಲಿಲ್ಲ. ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಅಂಚಿನಲ್ಲಿಟ್ಟು, ಹಿಂದಿರುಗಿ ನೋಡದೆ ಒಳಕ್ಕೆ ಬಂದುಬಿಟ್ಟಳು. ಎದುರು ಮನೆಯ ಕುಳ್ಳಮ್ಮ, ಮಕ್ಕಳಿಲ್ಲದವಳು, ಮೊದಲೇ ಮಾತಾಗಿದ್ದಂತೆ ಆ ದಾರಿಯಲ್ಲಿ ಬಂದು, “ಯಾರ್ದೋ ಏನೋ, ಬುಟ್ಟೋಗವ್ರೆ” ಎಂದು ಗಟ್ಟಿಯಾಗಿ ಹೇಳಿ ಎತ್ತಿಕೊಂಡಳು; ಚಿಕ್ಕಬಸಮ್ಮನ ಸೆರಗಿಗೆ ಒಂದು ಬೊಗಸೆ ತೌಡು ಸುರಿದಳು. ತೌಡಿಗೆ ಬಂದ ಕೂಸು, ಆದ್ದರಿಂದ ತೌಡ. ನನಗೆ ಹಾಲಿಲ್ಲ, ನೀನೇ ಸಾಕಿಕೊಡು ಎಂದು ಮತ್ತೆ ಇವರ ಮನೆಯೊಳಕ್ಕೆ ಬಿಟ್ಟಳು. ತೆಗೆದುಕೊಂಡು ಹೋಗುವವನು ಬಂದರೆ ಮೋಸಹೋಗಲಿ ಎಂದು ಇಷ್ಟೆಲ್ಲ. ಈ ಮನೆಯಲ್ಲಿ ಇವಳಿಗೆ ಮಗನಿಲ್ಲ, ಇದು ತಿಪ್ಪೆಯ ಕಸ, ಎದುರು ಮನೆಯವರ ಸೊತ್ತು. ಹುಡುಗ ಕುಳ್ಳಮ್ಮನನ್ನು ಅವ್ವ ಎನ್ನಬೇಕು, ಹೆತ್ತವಳನ್ನು ಅಕ್ಕ ಎನ್ನಬೇಕು. ಯಾರು ಕೇಳಿದರೂ ಹಾಗೇ ಹೇಳಬೇಕು. ಅತ್ತೆ ಹೇಳಿದ್ದು ಇಷ್ಟೇ. ಮಿಕ್ಕಿದ್ದನ್ನೆಲ್ಲ ಕೆಂಪಾಜಮ್ಮ ತಾನೇ ಸೇರಿಸಿಕೊಂಡಳು: ಬೀದಿಯಲ್ಲಿ ಅವನ ಕೈ ಹಿಡಿಯಬಾರದು, ಅವನು ಉಣ್ಣುವಾಗ ಎದುರು ಕೂರಬಾರದು, ಅವನು ಹಿಂದೆ ಬರುತ್ತಿದ್ದರೆ ತಿರುಗಿ ನೋಡಬಾರದು. ತಿರುಗಿ ನೋಡುವವಳು ತಾಯಿಯೇ ಎಂದು ಯಾರಿಗೆ ತಾನೇ ತಿಳಿಯುವುದಿಲ್ಲ? ಇದು ಎಲ್ಲಿಯ ತನಕ ಎಂದು ಅತ್ತೆ ಹೇಳಿರಲಿಲ್ಲ. ಇವಳು ಕೇಳಿರಲೂ ಇಲ್ಲ, ಕೇಳಿದರೆ ಯಾರಿಗಾದರೂ ನೆನಪು ಮಾಡಿಕೊಟ್ಟ ಹಾಗಾಗುತ್ತದೆ ಎಂದು. ಹೋದ ಬೇಸಗೆಯಲ್ಲಿ ಅತ್ತೆ ತೀರಿಕೊಂಡಳು.

ಬೀರಿ ಹುಟ್ಟಿದಾಗ ಯಾರೂ ಮೊರ ಹುಡುಕಲಿಲ್ಲ. ಕೆಂಪಾಜಮ್ಮನೂ ಹುಡುಕಲಿಲ್ಲ. ತೌಡ ಬದುಕಿದ್ದಾನೆ, ಇನ್ನು ಭಯವಿಲ್ಲ ಎಂದು ಎಲ್ಲರೂ ಅಂದರು, ಅವಳೂ ಅಂದಳು. ಆದರೆ ಒಂದೊಂದು ದಿನ ಬೀರಿ ಎದೆಗೆ ಬಿದ್ದು “ಅವ್ವ” ಎಂದಾಗ, ಹೆಣ್ಣು ತಾನೇ ಎಂದು ಬಯಲಲ್ಲಿ ಬಿಟ್ಟೆನೆ, ಎಂಬ ಮಾತು ಒಳಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಮುಚ್ಚಿಟ್ಟುಕೊಂಡವನು ದೂರವಾದ, ಬಯಲಲ್ಲಿ ಬಿಟ್ಟವಳು ಕತ್ತಿಗೆ ಜೋತುಬಿದ್ದಳು. ಯಾರಿಗೆ ಅನ್ಯಾಯ ಮಾಡಿದೆ ಎಂದು ಅವಳಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಮೈಸೂರಿಗೆ ಬಂದದ್ದು ಹುಲಿ ಸಿಂಹ ನೋಡಲು. ಚೆಲುವಯ್ಯ ಕರೆದುಕೊಂಡು ಬರಬೇಕಾಗಿತ್ತು. ನಾಲೆಯ ನೀರಿನ ಸರದಿ ಇವತ್ತೇ ಬಿತ್ತು. “ಕುಳ್ಳವ್ವನ್ನ ಜೊತೆಗೆ ಕರ್ಕೊಂಡೋಗು” ಎಂದಿದ್ದ. ಅವಳು ಮಂಡಿ ನೋವಿನಲ್ಲಿದ್ದಾಳೆ ಎಂದು ಕೆಂಪಾಜಮ್ಮ ಹೇಳಿಬಿಟ್ಟಳು. ಕುಳ್ಳಮ್ಮನನ್ನು ಕೇಳಿಯೇ ಇರಲಿಲ್ಲ. ಬೆಳಗ್ಗೆ ತೌಡನ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದು, ಬೀದಿಯ ತುದಿಯವರೆಗೂ ಬಂದು ನಿಂತಿದ್ದಳು ಕುಳ್ಳಮ್ಮ. ಗಾಡಿಯ ಮರೆಯಿಂದ ಅವಳ ಸೀರೆ ಕಾಣದಾದಾಗ ಕೆಂಪಾಜಮ್ಮನಿಗೆ ಹೊಟ್ಟೆಯಲ್ಲಿ ಏನೋ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು. ಯಾರಿಗೂ ಗುರುತಿಲ್ಲದ ಊರಿನಲ್ಲಿ ಒಂದು ದಿನ ಇಬ್ಬರು ಮಕ್ಕಳ ತಾಯಿಯಾಗಿ ತಿರುಗಾಡಬಹುದು ಎಂದು ಅವಳು ಅಂದುಕೊಂಡಿದ್ದಳು. ಅಂದುಕೊಂಡಿದ್ದಳು ಎಂದು ತನಗೇ ಹೇಳಿಕೊಂಡಿರಲಿಲ್ಲ, ಅಷ್ಟೇ.

“ಅಕ್ಕಾ, ಬೀರಿ ವದ್ದಾಡ್ತಾವ್ಳೆ!” ಎಂದು ಹಿಂದಿನಿಂದ ತೌಡ ಕೂಗಿದ. ಬೀರಿಗೆ ಒಂದಕ್ಕೆ ಬಂದಿತ್ತು. ಈ ಊರಿನಲ್ಲಿ ಮಣ್ಣೇ ಇಲ್ಲ. ಎಲ್ಲಿ ನೋಡಿದರೂ ಗುಡಿಸಿದ ರಸ್ತೆ, ಸುಣ್ಣ ಬಳಿದ ಗೋಡೆ. ಒಂದು ಬಂಗಲೆಯ ಗೋಡೆಯ ಮೂಲೆಯಲ್ಲಿ ಕೂರಿಸಿದಳು. ತೌಡ ಕೋಲು ಹಿಡಿದು ಪಹರೆಯವನ ಹಾಗೆ ಅಡ್ಡ ನಿಂತ. ಒಳಗಿನಿಂದ ತೋಟದ ಆಳು ಕತ್ತರಿ ಹಿಡಿದೇ ಓಡಿಬಂದು “ಏಯ್, ಹಳ್ಳಿ ಗಮಾರರು, ಇದೇನು ನಿಮ್ಮಪ್ಪನ ಹೊಲವೇನೆ?” ಎಂದು ಗದರಿದ. “ನೀ ನೋಡ್ಬ್ಯಾಡ ಓಗಯ್ಯ, ಎಣ್ಣೈಕ್ಳು!” ಎಂದ ತೌಡ. ಕೆಂಪಾಜಮ್ಮನ ಮುಖ ಬಿಸಿಯಾಯಿತು. ಹುಡುಗಿಯನ್ನು ಎತ್ತಿಕೊಂಡು ಬೇಗ ಬೇಗ ನಡೆದಳು, ಕಾಲಿಗೆ ಒದ್ದೆ ತಾಗಿತು. ಸ್ವಲ್ಪ ದೂರ ಹೋದ ಮೇಲೆ ಅವಮಾನದ ಅಡಿಯಿಂದ ಬೇರೇನೋ ಮೇಲಕ್ಕೆ ಬಂದು ತುಟಿಯನ್ನು ಎಳೆಯಿತು. ನೀ ನೋಡ್ಬ್ಯಾಡ ಓಗಯ್ಯ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಹಿಂದೆ ಕರಕರಕರ.

ಮೃಗಶಾಲೆಯ ಬಾಗಿಲಲ್ಲಿ ಖಾಕಿ ಕೋಟಿನ ಕಾವಲುಗಾರ ಕೋಲನ್ನು ಇಸಿದುಕೊಂಡ. “ಮಿಕಗಳ್ನ ತಿವಿಯಾಕಾ? ಕೊಡು ಇತ್ಲಾಗೆ” ಎಂದು ಗೋಡೆಗೆ ಒರಗಿಸಿಟ್ಟ. ಅಲ್ಲಿಂದ ಮುಂದೆ ಅವಳ ಕಿವಿಗೆ ಹಿಡಿತ ತಪ್ಪಿತು. ಗಿಳಿಗಳು, ನವಿಲುಗಳು, ಎಲ್ಲೋ ಒಂದು ಕಪಿಯ ಅರಚಾಟ, ಜನ. ಆದರೂ ಆ ಬೆಳಗು ಚೆನ್ನಾಗಿತ್ತು. ಸಿಂಹ ಮಲಗಿತ್ತು, ಬೀರಿ “ಬೆಕ್ಕು” ಎಂದಳು. ಹುಲಿಯ ಮುಂದೆ ತೌಡ ಕೈಕಟ್ಟಿ ನಿಂತು, “ಓದೊರ್ಸ ಲಿಂಗಣ್ಣಮಾವನ ಕರ ಇಡ್ದಿದ್ದು ಇದೇನಾ ಅಕ್ಕ?” ಎಂದು ಕೇಳಿದ. ಪಕ್ಕದಲ್ಲಿದ್ದ ಇಬ್ಬರು ಕಾಲೇಜು ಹುಡುಗರು ನಕ್ಕರು. ಮರದ ನೆರಳಿನಲ್ಲಿ ಗಂಟು ಬಿಚ್ಚಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದರು. ಅವನು ತಿನ್ನುವಾಗ ಎದುರು ಕೂರದೆ ಓರೆಯಾಗಿ ಕೂತಿದ್ದಳು. ಅವನ ದವಡೆ ಆಡುವುದು, ಕಿವಿಯ ಹಿಂದೆ ಎಣ್ಣೆ ಇಳಿದಿರುವುದು, ಚಟ್ನಿ ಹತ್ತಿದ ಹೆಬ್ಬೆರಳನ್ನು ಅವನು ಚೀಪುವುದು ಇವೆಲ್ಲ ಅವಳ ಕಣ್ಣಿನ ತುದಿಗೆ ಎಷ್ಟು ಬೇಕೋ ಅಷ್ಟು ಸಿಕ್ಕಿದವು.

ಆಮೇಲೆ ಬೀರಿ ಕೋತಿ ನೋಡಬೇಕೆಂದು ಅಳಲು ಹಿಡಿದಳು. ಕೆಂಪಾಜಮ್ಮ ಎದ್ದು ಸೆರಗು ಕೊಡವಿ “ಬಾ” ಎಂದು ಗಾಳಿಗೆ ಹೇಳಿ ನಡೆದಳು. ಹದ್ದುಗಳ ಗೂಡು ದಾಟಿದಳು, ಉದ್ದ ಕತ್ತಿನ ದೊಡ್ಡ ಹಕ್ಕಿಯನ್ನು ದಾಟಿದಳು. ಒಂದು ಸಲ ತಿರುಗಿ ನೋಡಲೇ ಎನ್ನಿಸಿತು. ಕತ್ತು ಅರ್ಧ ತಿರುಗಿತು ಕೂಡ. ಇಷ್ಟು ವರ್ಷ ಹಿಡಿದದ್ದನ್ನು ಒಂದು ಹಕ್ಕಿಯ ಗೂಡಿನ ಮುಂದೆ ಬಿಡುವುದೆ, ಎಂದುಕೊಂಡು ಮುಂದಕ್ಕೇ ನೋಡುತ್ತ ನಡೆದಳು. ಹಿಂದೆ ಬರಿಗಾಲಿನ ಸದ್ದು ಕೇಳಿಸುತ್ತಿತ್ತು. ಕೋತಿಗಳ ಮುಂದೆ ನಿಂತು, ಬೀರಿ ನಕ್ಕು ಚಪ್ಪಾಳೆ ತಟ್ಟಿ ಮುಗಿಸಿದ ಮೇಲೆ, ಹಿಂದಿದ್ದ ಬರಿಗಾಲು ಯಾವುದೋ ಬೇರೆ ಮಗುವಿನದು ಎಂದು ಗೊತ್ತಾಯಿತು.

ಓಡಿದಳು. ಬಂದ ದಾರಿಯಲ್ಲಿ ಓಡಿ, ಬರದ ದಾರಿಯಲ್ಲೂ ಓಡಿದಳು. ಬೀರಿ ಸೊಂಟದಲ್ಲಿ ಮೇಲೆ ಕೆಳಗೆ ಹಾರುತ್ತ ಇದು ಆಟವೆಂದು ನಗುತ್ತಿದ್ದಳು. “ತೌಡಾ! ತೌಡಾ!” ಎಂದು ಕೂಗಿದಳು. ಬೆಂಚಿನ ಮೇಲೆ ಕೂತಿದ್ದವನೊಬ್ಬ “ತೌಡು ಬೇಕಾದ್ರೆ ಇಲ್ಲಿ ಯಾಕೆ ಬಂದೆ ತಾಯಿ, ಅಕ್ಕಿ ಗಿರಣಿಗೆ ಹೋಗು” ಎಂದ. ಅವನ ಜೊತೆಯವರು ನಕ್ಕರು. ಅವಳಿಗೆ ನಗುವಿನ ಸದ್ದು ಕೇಳಿಸಿತು, ಅರ್ಥ ಆಗಲಿಲ್ಲ. ಬಾಯಿಯಲ್ಲಿ ತೌಡಿನ ಒಣ ರುಚಿ. ನನ್ನ ಮಗನನ್ನು ಕಂಡಿರಾ ಎಂದು ಕೇಳಬೇಕಾಗಿತ್ತು; ಕೇಳಿದ್ದು, “ಒಂದುಡ್ಗನ್ನ ಕಂಡ್ರಾ, ಒಂದುಡ್ಗ?” ಯಾರ ಹುಡುಗ ಎಂದು ಒಬ್ಬಾಕೆ ಕೇಳಿದಳು. ಕೆಂಪಾಜಮ್ಮ ಅವಳ ಮುಖವನ್ನೇ ನೋಡಿ ಮುಂದಕ್ಕೆ ಓಡಿದಳು. ತೆಗೆದುಕೊಂಡು ಹೋಗುವವನು ಮೋಸಹೋಗಲಿಲ್ಲ, ಎಂದು ಮನಸ್ಸು ಹೇಳುತ್ತಿತ್ತು. ಊರಿನಿಂದ ನೆರಳಿನ ಹಾಗೆ ಜೊತೆಗೇ ಬಂದಿದ್ದಾನೆ, ರೈಲಿನಲ್ಲಿ ಎದುರಿಗೇ ಕೂತಿದ್ದಾನೆ, ನೀನು ಸೆರಗಿನೊಳಗೆ ನಕ್ಕದ್ದನ್ನು ನೋಡಿದ್ದಾನೆ.

ಹುಡುಗ ಬಾಗಿಲಲ್ಲಿದ್ದ. ಕಾವಲುಗಾರನ ಮುಕ್ಕಾಲಿಯ ಮೇಲೆ ಕೂತು, ಕಾಲು ಅಲ್ಲಾಡಿಸುತ್ತ, ಕೈತುಂಬ ಕಡಲೆಕಾಯಿ ಹಿಡಿದು ಸುಲಿಯುತ್ತಿದ್ದ. ಸುತ್ತ ಹತ್ತಾರು ಜನ. “ಅಕ್ಕಾ!” ಎಂದ ಅವಳನ್ನು ಕಂಡು. “ಅಲ್ಲೊಂದ್ ಕಾಗೆ ಅದ್ದಿನ ಗೂಡೊಳ್ಗೆ ನುಗ್ಗಿ ಅದರ ಮಾಂಸಾನೇ ತಿಂತಿತ್ತು ಕಣಕ್ಕ. ಕಂಬೀಲಿ ನುಗ್ಗಾದು, ಬರಾದು, ನುಗ್ಗಾದು, ಬರಾದು.” ಅದನ್ನೇ ನೋಡುತ್ತ ನಿಂತಿದ್ದವನನ್ನು ಯಾರೋ ಬಾಗಿಲಿಗೆ ತಂದು ಬಿಟ್ಟಿದ್ದರಂತೆ. ಹೋಗಿ ಎತ್ತಿಕೊಳ್ಳಬೇಕು ಎನ್ನುವಷ್ಟರಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ.

“ತಡಿಯವ್ವ. ನೀನ್ಯಾರು? ಇವ್ನು ಅಕ್ಕನ ಜೊತೆ ಬಂದಿರಾದು. ನಾನು ಲಂಗದ ಉಡುಗಿ ಯಾವ್ದಾರ ಅಳ್ತಾ ಬತ್ತದಾ ಅಂತ ಆಗ್ಲಿಂದ ನೋಡ್ತಾ ಇವ್ನಿ.”

“ನಾನೇಯ” ಎಂದಳು.

“ನೀನೇನಾ ಅಕ್ಕ?”

ಬಾಯಿ ತೆರೆಯಿತು. ಅಭ್ಯಾಸ ತಲೆಯನ್ನು ಆಡಿಸಿತು. “ಊಂ.”

“ಅವ್ವ, ಅಣ್ಣ! ಅಣ್ಣ ಸಿಕ್ತು!” ಎಂದು ಬೀರಿ ಸೊಂಟದಿಂದ ಇಳಿಯಲು ಒದ್ದಾಡಿದಳು.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ನಿಂತಿದ್ದ ಕರಿ ಕೋಟು, ಜರಿ ಪೇಟದ ಯಜಮಾನರೊಬ್ಬರು ಕೊಡೆಯನ್ನು ನೆಲಕ್ಕೆ ಊರಿದರು. “ಇದು ಸರಿಯಿಲ್ಲವಲ್ಲ. ಆ ಮಗು ಈಕೆಯನ್ನ ಅವ್ವ ಅನ್ನತ್ತೆ, ಇವನನ್ನ ಅಣ್ಣ ಅನ್ನತ್ತೆ. ಇವನು ನೋಡಿದರೆ ಅಕ್ಕ ಅಂತಾನೆ. ಮಕ್ಕಳ ಕಳ್ಳರು ತಿರುಗುತಾ ಇದ್ದಾರೆ ಅಂತ ಮೊನ್ನೆ ತಾನೇ ಕೇಳಿದೆ. ಬಾಪ್ಪ ಮಗು, ಹೆದರಬೇಡ. ನಿಮ್ಮ ತಾಯಿ ಯಾರು?”

“ಕುಳ್ಳವ್ವ” ಎಂದ ತೌಡ.

“ಎಲ್ಲಿದಾರೆ?”

“ಊರಲ್ಲವ್ಳೆ.”

“ಈಕೆ ನಿಮ್ಮ ತಾಯಿ ಅಲ್ಲವೋ?”

“ಅಲ್ಲ. ಅಕ್ಕ” ಎಂದ. ಎಂದು ಅವಳ ಕಡೆ ನೋಡಿದ. ಮಗ್ಗಿ ತಪ್ಪದೆ ಒಪ್ಪಿಸಿದ ಹುಡುಗ ಮೇಷ್ಟರ ಮುಖ ನೋಡುವ ಹಾಗೆ. ಇಷ್ಟು ಜನರ ಮುಂದೆ, ಇಷ್ಟು ದೊಡ್ಡ ಊರಲ್ಲಿ, ಗೊತ್ತಿಲ್ಲದ ದೊಡ್ಡವರು ಕೇಳಿದರೂ ಅವನು ಪಾಠ ಮರೆತಿರಲಿಲ್ಲ. ಯಾರು ಕೇಳಿದರೂ ಹಾಗೇ ಹೇಳಬೇಕು ಎಂದು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದವಳು ಅವಳೇ. ತೊಡೆಯ ಮೇಲೆ ಕೂರಿಸಿಕೊಂಡದ್ದು ಆ ಪಾಠಕ್ಕಾಗಿ ಮಾತ್ರ.

ಕಾವಲುಗಾರನಿಗೆ ಇಷ್ಟೆಲ್ಲ ಬಿಗಿ ಹಿಡಿಸಲಿಲ್ಲ. ಹಳ್ಳಿಯವನೇ, ನಗುವ ಮುದುಕ. “ಆಗ್ಲಿ ಬುಡಿ ಸ್ವಾಮಿ, ಅಕ್ಕನೇ ಇರ್ಬೋದು. ಏನ್ಲಾ, ಅಂಗಾರೆ ಈ ಸಿಂಬ್ಳಬುರ್ಕಿ ನಿಂಗೆ ಅಕ್ಕನ ಮಗಳು. ಕಟ್ಕೊಳೋ ಎಣ್ಣು ಕಣ್ಲಾ! ಈಗ್ಲೇ ಕಾಯ್ಕೊಂಡ್ ತಿರುಗ್ತಾವ್ನೆ ನೋಡಿ ಸೋದರಮಾವ.” ಜನ ಗೊಳ್ಳೆಂದರು. ತೌಡನೂ ನಕ್ಕ. ಎಲ್ಲರೂ ನಕ್ಕದ್ದರಿಂದ ಹುರುಪು ಬಂದು, “ಊಂ, ಕಟ್ಕತೀನಿ” ಎಂದ.

“ಬುಡ್ತು ಅನ್ನು!” ಕೆಂಪಾಜಮ್ಮನ ಗಂಟಲಿನಿಂದ ಬಂದ ಕೂಗಿಗೆ ಅವಳೇ ಬೆಚ್ಚಿದಳು. “ಬುಡ್ತು ಅನ್ನು ಮೊದ್ಲು! ಒಡುಟ್ಟಿದೋಳು ಕಣ್ಲಾ ಅವ್ಳು! ಇವ್ನು ನನ್ ಮಗ. ಇವ್ನ ಎತ್ತಿದ್ದು ನಾನೇಯ!”

ಯಜಮಾನರ ಕೊಡೆ ಮೇಲಕ್ಕೆದ್ದಿತು. “ಕೇಳಿದಿರಾ? ತಾನೇ ಒಪ್ಪಿಕೊಂಡಳು. ಎತ್ತಿದ್ದು ನಾನೇ ಅಂತ! ಎಲ್ಲಿಂದ ಎತ್ತಿಕೊಂಡು ಬಂದೆ, ಹೇಳು. ಪೊಲೀಸರನ್ನ ಕರೀರಿ ಯಾರಾದರೂ.”

“ಅಯ್ಯೋ ಸ್ವಾಮಿ, ಎತ್ತಿದ್ದಲ್ಲ” ಎಂದ ಕಾವಲುಗಾರ, “ಎತ್ತಿದ್ದು! ಎತ್ತಿದ್ದು!”

“ನೀನೂ ಅದೇ ಹೇಳ್ತಾ ಇದ್ದೀಯಲ್ಲಯ್ಯ.”

“ಅದಲ್ಲ ಬುದ್ಧಿ. ಬಸ್ರಾಗಿ, ನೋವ್ ತಿಂದು, ಎತ್ತಿದ್ದು.”

“ಎತ್ತಿದ್ದು!” ಎಂದು ಕೆಂಪಾಜಮ್ಮ ಮತ್ತೆ ಕೂಗಿದಳು. “ಒಟ್ಟೇಲಿ ಒತ್ಕೊಂಡು ಎತ್ತಿದ್ದು! ನನ್ ಮಗ, ನನ್ ಮಗ.” ತಪ್ಪು ಕೇಳಿಸಿಕೊಂಡವರಿಗಾಗಿ ಅವಳು ಅದನ್ನು ಎಷ್ಟು ಸಲ ಹೇಳಬೇಕಾಯಿತೋ. ತಿಪ್ಪೆಯ ಅಂಚಿನಿಂದ ಇಲ್ಲಿಯವರೆಗೆ ಒಂದು ಸಲವೂ ಆಡದ ಮಾತನ್ನು, ನೆತ್ತಿಯ ಮೇಲೆ ಬಿಸಿಲಿರುವಾಗ, ಆಕಾಶಕ್ಕೆಲ್ಲ ಕೇಳುವ ಹಾಗೆ. ಹೇಳಿದ ಹಾಗೆಲ್ಲ ಬೆನ್ನಿನಲ್ಲಿ ತಣ್ಣನೆ ಬೆವರು ಇಳಿಯಿತು. ಹೇಳುವುದನ್ನು ನಿಲ್ಲಿಸಲೂ ಆಗಲಿಲ್ಲ.

“ಮತ್ತೆ ಮಗು ಅಲ್ಲ ಅನ್ನತ್ತಲ್ಲ?” ಎಂದರು ಯಜಮಾನರು, ಈಗ ಸ್ವಲ್ಪ ತಗ್ಗಿ.

“ತೌಡ್ಗೆ ಕೊಟ್ಟಿದ್ವಿ” ಎಂದಳು, ನೆಲ ನೋಡುತ್ತ.

ಅವರಿಗೆ ಅರ್ಥವಾಗಲಿಲ್ಲ. ಅವರ ಹಿಂದೆ ನಿಂತಿದ್ದ ಹೆಂಡತಿಗೆ ಆಯಿತು. ಮಗ್ಗದ ಸೀರೆಯನ್ನು ಅಚ್ಚುಕಟ್ಟಾಗಿ ಉಟ್ಟ, ಮೂಗಿನಲ್ಲಿ ಬೇಸರಿ ಹೊಳೆಯುವ ಆಕೆ ಮುಂದೆ ಬಂದು ಗಂಡನ ತೋಳು ಮುಟ್ಟಿದರು. “ಬನ್ನಿ, ಹೋಗೋಣ. ನಮ್ಮ ಗುಂಡನ್ನ ಯಾಕೆ ಗುಂಡ ಅಂತ ಕರೀತೀವಿ, ಮರೆತ್ರಾ?” ಯಜಮಾನರು ಪೇಟವನ್ನು ಸರಿಮಾಡಿಕೊಂಡರು. ಆಕೆ ಹೋಗುತ್ತ ತೌಡನನ್ನು ದಾಟಿದರು. ಅವನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಎಂದು ಕೆಂಪಾಜಮ್ಮನಿಗೆ ತಿಳಿಯಿತು.

ನಿಲ್ದಾಣಕ್ಕೆ ವಾಪಸು ನಡೆಯುವಾಗ ತೌಡನ ಕೈ ಅವಳ ಕೈಯಲ್ಲಿತ್ತು. ಯಾವಾಗ ಹಿಡಿದಳೋ ನೆನಪಿಲ್ಲ. ಕಡಲೆಕಾಯಿಯ ಧೂಳು, ಬೆವರು, ಚಟ್ನಿ ಎಲ್ಲ ಸೇರಿ ಅಂಟಂಟಾದ, ಬಿಸಿಯಾದ ಸಣ್ಣ ಕೈ. ಬಿಸಿ ಹೆಚ್ಚಾಯಿತೆ? ಹೆಬ್ಬೆರಳಿನಿಂದ ಅವನ ಮಣಿಕಟ್ಟು ಮುಟ್ಟಿ ನೋಡಿದಳು. ಅವನು ಸೀನಿದ, ಅವಳ ಹೆಜ್ಜೆ ತಪ್ಪಿತು. ಎದುರಿನಿಂದ ಬಂದ ಜಟಕಾದ ಕುದುರೆ ತಲೆ ಕೊಡವಿದರೆ ಇಬ್ಬರನ್ನೂ ಗೋಡೆಗೆ ಒತ್ತಿ ನಿಂತಳು. ಕೇಳಿಸಿಕೊಂಡವನು ಈಗ ಎಲ್ಲಿಂದ ಬರುತ್ತಾನೆ, ಗಾಲಿಯಿಂದಲೋ, ಜ್ವರದಿಂದಲೋ, ತಿಂದ ಕಡಲೆಕಾಯಿಯಿಂದಲೋ? ಆದರೆ ಕೈ ಬಿಡಲಿಲ್ಲ. ಹೇಳಿದ್ದಾಯಿತು, ಇನ್ನು ಬಿಟ್ಟು ಏನು ಉಳಿಸಿಕೊಳ್ಳಬೇಕು? ಸೊಂಟದಲ್ಲಿ ಬೀರಿ ಭುಜಕ್ಕೆ ಜೊಲ್ಲು ಸುರಿಸಿ ನಿದ್ದೆಹೋಗಿದ್ದಳು. ಸೊಂಟ ಸೋಲುತ್ತಿತ್ತು, ಪಾದ ಉರಿಯುತ್ತಿತ್ತು, ನಾಲಿಗೆ ಒಣಗಿತ್ತು. ಒಂದು ಅಂಗಡಿಯ ಕನ್ನಡಿಯಲ್ಲಿ ಮೂವರೂ ಒಮ್ಮೆಲೆ ಕಂಡರು: ಕೆದರಿದ ತಲೆಯ ಹೆಂಗಸು, ಕತ್ತಿಗೆ ಒಂದು, ಕೈಗೆ ಒಂದು. ಯಾರೋ ಬೇರೆಯವರು ಎಂದುಕೊಂಡು ಅವಳು ಕನ್ನಡಿಯ ಹೆಂಗಸಿಗೆ ದಾರಿ ಬಿಡಹೋದಳು. “ಅದು ನಾವು ಕಣಕ್ಕ” ಎಂದ ತೌಡ.

ಸಂಜೆಯ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರಿಗೆ ಮಡಕೆಗಳನ್ನು ಹುಲ್ಲಿನಲ್ಲಿ ಕಟ್ಟಿಕೊಂಡ ಗಂಡ ಹೆಂಡತಿ, ಬೀಡಿ ಸೇದುವ ಮುದುಕ, ತೂಕಡಿಸುವ ಹುಡುಗಿ. ಸಾಗರಕಟ್ಟೆಯ ಸೇತುವೆಯ ಮೇಲೆ ರೈಲಿನ ಸದ್ದು ಬದಲಾಯಿತು. ಕೆಳಗೆ ಕಟ್ಟೆಯ ಹಿನ್ನೀರು ತಾಮ್ರದ ತಟ್ಟೆಯ ಹಾಗೆ ಮಲಗಿತ್ತು. ತೌಡ ಅವಳಿಗೆ ಒರಗಿ ಕೂತಿದ್ದ. ಇಷ್ಟು ಹೊತ್ತಿಗೆ ಜ್ವರ ಬರಬೇಕಾಗಿತ್ತು, ಬಂದಿರಲಿಲ್ಲ. ಅವನ ಮೈಯಿಂದ ಬಿಸಿಲಿನ, ಹಕ್ಕಿಗೂಡಿನ ವಾಸನೆ. ಅವನ ನೆತ್ತಿಯ ಸುಳಿ ಅವಳ ಗಲ್ಲದ ಕೆಳಗೇ ಇತ್ತು. ಅದು ಬಲಕ್ಕೆ ಸುತ್ತುತ್ತದೆ ಎಂದು ಅವಳಿಗೆ ಇವತ್ತು ಗೊತ್ತಾಯಿತು.

“ಅಕ್ಕ” ಎಂದ ಅವನು, ಮೆಲ್ಲಗೆ, ಗುಟ್ಟು ಹೇಳುವ ಹಾಗೆ.

“ಊಂ.”

“ಅಲ್ಲಿ ಸುಳ್ ಯೋಳ್ದೆ ಅಲ್ವಾ ನೀನು?”

ಅವಳು ಬೀರಿಯ ಜೊಲ್ಲನ್ನು ಸೆರಗಿನಿಂದ ಒರೆಸಿದಳು.

“ಪೇಟದಯ್ಯ ನಂಬೇ ಬುಟ್ಟ ಕಣಕ್ಕ. ನನ್ ಮಗ ನನ್ ಮಗ ಅಂತ ಏನ್ ಚೆಂದಾಗಿ ಕೂಗ್ದೆ! ಇಲ್ದಿದ್ರೆ ಪೋಲೀಸ್ನೋರು ಬುಡ್ತಿರ್ಲಿಲ್ಲ.” ಅವನ ದನಿಯಲ್ಲಿ ಮೆಚ್ಚುಗೆ ತುಂಬಿತ್ತು. ಅವನನ್ನು ಕಾಪಾಡಲು ದೊಡ್ಡವರೊಬ್ಬರು ಇಷ್ಟು ದೊಡ್ಡ ಸುಳ್ಳು ಹೇಳಿದ್ದು ಅವನ ಆಯುಸ್ಸಿನಲ್ಲೇ ಮೊದಲು.

ಸುಳ್ಳಲ್ಲ ಕಣೋ ಎಂಬ ಮಾತು ತುಟಿಯವರೆಗೆ ಬಂತು. ಬಂದು ಅಲ್ಲೇ ಕೂತಿತು. ಇಡೀ ಮಧ್ಯಾಹ್ನ ಎದೆಯ ಮೇಲಿದ್ದ ಕಲ್ಲು ಆಗ ಮೆಲ್ಲಗೆ ಪಕ್ಕಕ್ಕೆ ಸರಿದ ಹಾಗಾಯಿತು. ಸುಳ್ಳು ಎಂದು ಇವನೇ ತಿಳಿದಿದ್ದಾನೆ. ಇವನೇ ಹೀಗೆ ತಿಳಿದಿದ್ದರೆ, ಕೇಳಿಸಿಕೊಂಡ ಆ 'ಅವನು' ಬೇರೆ ಏನೆಂದು ತಿಳಿದಾನು? ಪೊಲೀಸರಿಂದ ತಪ್ಪಿಸಿಕೊಳ್ಳಲು ಪರರ ಹುಡುಗನನ್ನು ಮಗ ಎಂದಳು ಪಾಪ, ಎಂದು ನಕ್ಕು ಹೋಗಿರುತ್ತಾನೆ. ಅತ್ತೆ ಒಂದು ಸುಳ್ಳಿನಿಂದ ಇವನನ್ನು ಇಷ್ಟು ದೂರ ತಂದಳು. ಇನ್ನೊಂದು ಸುಳ್ಳು ಇನ್ನಷ್ಟು ದೂರ ತರಲಾರದೆ?

“ಊಂ ಕಣ್ಲಾ” ಎಂದಳು. “ಸುಳ್ಳೇಯ.”

“ಕುಳ್ಳವ್ವಂಗೆ ನಾ ಯೋಳಾಕಿಲ್ಲ.” ತಲೆ ಎತ್ತಿ ಅವಳ ಮುಖ ನೋಡಿದ. “ರೈಲ್ನಲ್ಲೂವೆ ಯಾರಾರ ಕೇಳುದ್ರೆ? ನಾನೂ ಸುಳ್ ಯೋಳ್ಲಾ?”

“ಏನಂತ?”

“ಅದೇಯ. ಬೀರಿ ಅಂತಾಳಲ್ಲ, ಅಂಗೆ.”

ಅವಳು ಡಬ್ಬಿಯ ಸುತ್ತ ನೋಡಿದಳು. ಯಾರೂ ಏನೂ ಕೇಳುವ ಹಾಗೆ ಕಾಣಲಿಲ್ಲ. ಮಡಕೆಯ ಹೆಂಗಸು ಎಲೆಗೆ ಸುಣ್ಣ ಸವರುತ್ತಿದ್ದಳು. “ಯೋಳು” ಎಂದಳು ಕೆಂಪಾಜಮ್ಮ, ಕಿಟಕಿಯ ಕಡೆ ಮುಖಮಾಡಿ.

“ಅವ್ವಾ” ಎಂದು ಅವನು ಕಿಸಕ್ಕನೆ ನಕ್ಕ.

“ಓ.”

“ಅವ್ವಾ, ಅವ್ವಾ. ನೀರ್ ಕೊಡವ್ವಾ.” ಅವನಿಗೆ ಆಟ ಹತ್ತಿತು. ಬೀರಿ ಕಣ್ಣುಬಿಟ್ಟಳು, ಒಂದು ಗಳಿಗೆ ನಂಬಲಾರದೆ ನೋಡಿ, ಅವನ ಎದೆಗೆ ಎರಡೂ ಕೈ ಕೊಟ್ಟು ನೂಕಿದಳು. “ನಮ್ಮವ್ವ! ನನ್ದು!” “ಇವತ್ತೊಂದಿನ ನಂದೂ ಕಣೆ” ಎಂದ ತೌಡ. ಬೀರಿ ಅತ್ತಳು, ಅವನು ಅಣಕಿಸಿದ, ಕೆಂಪಾಜಮ್ಮ ಇಬ್ಬರಿಗೂ ಒಂದೊಂದು ಏಟು ಹಾಕಿ ಇಬ್ಬರನ್ನೂ ಎಳೆದು ಎರಡು ಪಕ್ಕೆಗೆ ಒತ್ತಿಕೊಂಡಳು. “ಒಂದ್ ಎರಡಾ ಇವುಗಳ ಕಾಟ” ಎಂದಳು ಎದುರಿನ ಹೆಂಗಸು, ಎಲೆ ಮಡಿಸಿ ಬಾಯಿಗಿಟ್ಟುಕೊಳ್ಳುತ್ತ. “ಇಬ್ರೂ ನಿನ್ನವೇನವ್ವ?” “ಊಂ ಕಣವ್ವ” ಎಂದಳು. ತೌಡ ಅವಳ ಪಕ್ಕೆಗೆ ಮೊಣಕೈಯಿಂದ ತಿವಿದ, ನಂಬಿದಳು ನೋಡು ಎನ್ನುವ ಹಾಗೆ. ಡಬ್ಬಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ತಾಯಿಯನ್ನು ಒಂದು ಹುಡುಗ ಅವ್ವ ಎಂದು ಕರೆದರೆ ಯಾರಾದರೂ ಯಾಕೆ ತಿರುಗಿ ನೋಡುತ್ತಾರೆ? ಅವನು ನೀರು ಕೇಳಿದ, ರೊಟ್ಟಿ ಕೇಳಿದ, ಅದೇನು ಬೆಳಕು ಎಂದು ಕೇಳಿದ, ಕೇಳಲು ಏನೂ ಇಲ್ಲದಾಗ ಬರಿದೆ ಅವ್ವ ಎಂದ. ಒಂದೊಂದಕ್ಕೂ ಅವಳು ಓಗೊಟ್ಟಳು.

ರೈಲು ಸಿಳ್ಳು ಹಾಕಿ ನಿಧಾನಿಸಿತು. ಕೃಷ್ಣರಾಜನಗರದ ಪ್ಲಾಟುಫಾರಮು ಕಿಟಕಿಯೊಳಕ್ಕೆ ಸರಿಯತೊಡಗಿತು. ಮುಸ್ಸಂಜೆಯಲ್ಲಿ ಚೆಲುವಯ್ಯನ ಬಿಳಿ ರುಮಾಲು ಕಂಡಿತು, ಅವನ ಪಕ್ಕದಲ್ಲಿ, ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ ಪ್ರತಿ ಡಬ್ಬಿಯನ್ನೂ ಹುಡುಕುತ್ತಿದ್ದ ಕುಳ್ಳಮ್ಮ. ತೌಡ ಅವಳನ್ನು ಕಂಡು ಕೈ ಎತ್ತಿದವನು, ನೆನಪಾದವನಂತೆ ಹಿಂದಕ್ಕೆ ತಿರುಗಿದ. ದೊಡ್ಡವರ ಗುಟ್ಟಿನಲ್ಲಿ ಪಾಲಿರುವವನ ಮುಖ.

“ಟೇಸನ್ ಬಂತು ಕಣಕ್ಕ. ಸಾಕಾ?”

ಕೆಂಪಾಜಮ್ಮ ಹೊರಗೆ ನೋಡಿದಳು. ಕಂಬಗಳು ಒಂದೊಂದಾಗಿ, ತಡೆದು ತಡೆದು, ಹಿಂದಕ್ಕೆ ಹೋಗುತ್ತಿದ್ದವು.

“ಇನ್ನೂ ನಿಂತಿಲ್ಲ ಕಣ್ಲಾ” ಎಂದಳು.